ಅವಧಿ ಮುಗಿದ ಫೈಲ್ ಕೊಂಡಿಗಳು: ದಾಖಲೆ ತೆರೆಯದಿದ್ದಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಸಾರ್ವಜನಿಕರ ಮಾಹಿತಿಗಾಗಿ

ಅರ್ಜಿಯೊಂದಿಗೆ ಸಲ್ಲಿಸಬೇಕಾದ ದಾಖಲೆಗಳನ್ನು ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮುಂತಾದ ಕ್ಲೌಡ್ ಸಂಗ್ರಹಣೆಯಲ್ಲಿ ಇರಿಸಿ, ಅವುಗಳ ಕೊಂಡಿಯನ್ನು ಮಾತ್ರ ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಕಚೇರಿಗೆ ಕಳುಹಿಸುವ ರೂಢಿ ಈಗ ಸಾಮಾನ್ಯವಾಗಿದೆ. ಸದರಿ ಕೊಂಡಿಯು ಅರ್ಜಿ ಸಲ್ಲಿಸಿದ ದಿನ ತೆರೆದುಕೊಂಡು, ಪರಿಶೀಲನೆಯ ದಿನ ತೆರೆಯದೆ ಹೋದಲ್ಲಿ, ವಿಷಯ ನಿರ್ವಾಹಕರ ದೃಷ್ಟಿಯಲ್ಲಿ ಆ ದಾಖಲೆ ಸಲ್ಲಿಕೆಯಾಗಿಯೇ ಇರುವುದಿಲ್ಲ. ಅರ್ಜಿಯು 'ದಾಖಲೆ ಕೊರತೆ' ಎಂಬ ಷರಾದೊಂದಿಗೆ ಹಿಂದಿರುಗಬಹುದು. ವಿದ್ಯಾರ್ಥಿವೇತನ, ಪ್ರವೇಶ, ನೇಮಕಾತಿ ಮೊದಲಾದ ಕೊನೆಯ ದಿನಾಂಕವುಳ್ಳ ಅರ್ಜಿಗಳಲ್ಲಿ ಆ ವರ್ಷದ ಅವಕಾಶವೇ ಕೈತಪ್ಪುವ ಸಂಭವವೂ ಉಂಟು. ಆದುದರಿಂದ ಕೊಂಡಿ ಏಕೆ ಕೆಡುತ್ತದೆ, ಕೆಟ್ಟಾಗ ಮೊದಲು ಏನನ್ನು ನೋಡಬೇಕು, ಕೆಡದಂತೆ ದಾಖಲೆಯನ್ನು ಹೇಗೆ ತಲುಪಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ಪುಟದಲ್ಲಿ ಗಣಕಯಂತ್ರದಲ್ಲಿರುವ ದಾಖಲೆಯನ್ನು 'ಫೈಲ್' ಎಂದೂ, ಕಚೇರಿಯಲ್ಲಿ ನಿರ್ವಹಿಸುವ ದಾಖಲೆಯನ್ನು 'ಕಡತ' ಎಂದೂ ಕರೆಯಲಾಗಿದೆ.

ಕೊಂಡಿಯು ದಾಖಲೆಯಲ್ಲ

ಕೊಂಡಿ ಎಂಬುದು ಫೈಲ್ ಇರುವ ಸ್ಥಳದ ವಿಳಾಸ ಮತ್ತು ಅದನ್ನು ನೋಡಲು ಮಾಲೀಕರು ನೀಡಿದ ಅನುಮತಿ, ಇವೆರಡರ ಸೇರಿಕೆ ಮಾತ್ರ. ಫೈಲ್ ಮಾಲೀಕರ ಖಾತೆಯಲ್ಲಿಯೇ ಉಳಿದಿರುತ್ತದೆ. ಇದಕ್ಕೆ ಬ್ಯಾಂಕ್ ಚೆಕ್ಕಿನ ಹೋಲಿಕೆ ಸಮರ್ಪಕವಾಗಿದೆ. 2012ರ ಏಪ್ರಿಲ್ 1ರಿಂದ ಚೆಕ್ಕುಗಳ ಸಿಂಧುತ್ವದ ಅವಧಿಯನ್ನು ಭಾರತೀಯ ರಿಸರ್ವ್ ಬ್ಯಾಂಕ್ 6 ತಿಂಗಳಿನಿಂದ 3 ತಿಂಗಳಿಗೆ ಇಳಿಸಿದೆ. 3 ತಿಂಗಳು ಮೀರಿದ ಚೆಕ್ಕನ್ನು ಬ್ಯಾಂಕು ಹಿಂದಿರುಗಿಸುತ್ತದೆ. ಆದರೆ ಅದರಿಂದ ಖಾತೆಯಲ್ಲಿರುವ ಹಣ ಎಲ್ಲಿಯೂ ಹೋಗುವುದಿಲ್ಲ, ಹೊಸ ಚೆಕ್ಕು ಬರೆದರೆ ಸಾಕಾಗುತ್ತದೆ. ಅವಧಿ ಮುಗಿದ ಕೊಂಡಿಯ ವಿಷಯವೂ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಹಣವೇ ಇಲ್ಲದ ಖಾತೆ, ಮುಚ್ಚಿದ ಖಾತೆ, ಸಹಿ ಹೊಂದದ ಚೆಕ್ಕು ಇವು ಬೇರೆ ಬೇರೆ ಕಾರಣಗಳಾಗಿರುವಂತೆ, ಕೊಂಡಿ ತೆರೆಯದಿರುವುದಕ್ಕೂ ಬೇರೆ ಬೇರೆ ಕಾರಣಗಳಿವೆ. ಎಲ್ಲವನ್ನೂ 'ಎಕ್ಸ್‌ಪೈರ್ ಆಗಿದೆ' ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದ ಪರಿಹಾರವು ತಡವಾಗುತ್ತದೆ.

ಪರದೆಯ ಮೇಲಿನ ಸಂದೇಶವನ್ನು ಮೊದಲು ಓದತಕ್ಕದ್ದು

ಕೊಂಡಿ ತೆರೆಯದಿದ್ದಾಗ ಪರದೆಯ ಮೇಲೆ ಕಾಣುವ ಸಂದೇಶವನ್ನು ಪೂರ್ಣವಾಗಿ ಓದಿ, ಸಾಧ್ಯವಾದಲ್ಲಿ ಅದರ ಚಿತ್ರವನ್ನು ತೆಗೆದು ಇಟ್ಟುಕೊಳ್ಳತಕ್ಕದ್ದು. ನಿಮಗೆ ಅನುಮತಿ ಬೇಕಾಗಿದೆ ಎಂಬ ಅರ್ಥದ ಸಂದೇಶ ಅಥವಾ 403 ಎಂಬ ಸಂಖ್ಯೆ ಕಂಡುಬಂದಲ್ಲಿ, ಅನುಮತಿ ಇಲ್ಲ ಎಂದು ತಿಳಿಯಬೇಕು. ಬಹುತೇಕ ಸಂದರ್ಭಗಳಲ್ಲಿ ಫೈಲ್ ಅಲ್ಲಿಯೇ ಇರುತ್ತದೆ. 404 ಎಂಬ ಸಂಖ್ಯೆ ಬಂದಲ್ಲಿ ಆ ವಿಳಾಸದಲ್ಲಿ ಏನೂ ಇಲ್ಲ, ಅಂದರೆ ಫೈಲ್ ಅಳಿಸಲ್ಪಟ್ಟಿದೆ ಅಥವಾ ವಿಳಾಸವನ್ನೇ ತಪ್ಪಾಗಿ ನಮೂದಿಸಲಾಗಿದೆ. ಆದರೆ ಕೆಲವು ಸೇವೆಗಳು ಅನುಮತಿ ಇಲ್ಲದವರಿಗೂ ಉದ್ದೇಶಪೂರ್ವಕವಾಗಿ 'ಕಂಡುಬಂದಿಲ್ಲ' ಎಂದೇ ತಿಳಿಸುತ್ತವೆ; ಆದುದರಿಂದ ಸಂಖ್ಯೆಯೊಂದನ್ನೇ ನಂಬಿ ದಾಖಲೆ ನಷ್ಟವಾಯಿತೆಂದು ನಿರ್ಧರಿಸಬಾರದು. ಕೊಂಡಿಯ ಅವಧಿ ಮುಗಿದಿದೆ ಎಂಬ ಮಾತು ಸ್ಪಷ್ಟವಾಗಿ ಕಂಡುಬಂದಾಗ ಮಾತ್ರ ಅದನ್ನು ಅವಧಿಯ ದೋಷವೆಂದು ಪರಿಗಣಿಸಬಹುದು. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದಲ್ಲಿ ಮೊಬೈಲ್ ಅಥವಾ ಗಣಕಯಂತ್ರದ ದಿನಾಂಕ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಹಳೆಯ ಸಾಧನಗಳಲ್ಲಿ ದಿನಾಂಕ ಹಿಂದಕ್ಕೆ ಹೋಗಿರುವುದು ಅಪರೂಪವಲ್ಲ.

ವಿಳಾಸದ ತಪ್ಪುಗಳು ಚಿಕ್ಕವಾಗಿ ಕಂಡರೂ ಬಹಳ ಕಾಲ ಹಾಳು ಮಾಡುತ್ತವೆ. ಕೊಂಡಿಯನ್ನು ಕಾಗದದ ಅರ್ಜಿಯಲ್ಲಿ ಕೈಯಿಂದ ಬರೆದು ಕೊಡುವವರಿದ್ದಾರೆ. ಗೂಗಲ್ ಡ್ರೈವ್‌ನ ಕೊಂಡಿಯಲ್ಲಿ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳಿಗೆ ವ್ಯತ್ಯಾಸವಿದ್ದು, ಇಂಗ್ಲಿಷಿನ ದೊಡ್ಡಕ್ಷರ 'ಐ' ಮತ್ತು ಚಿಕ್ಕಕ್ಷರ 'ಎಲ್', 'ಓ' ಅಕ್ಷರ ಮತ್ತು ಸೊನ್ನೆ, ಇವುಗಳನ್ನು ಬರಹದಲ್ಲಿ ಗುರುತಿಸಲು ಯಾರಿಂದಲೂ ಆಗದು. ಹೀಗೆ ಬರೆದು ಕೊಡಲೇಬಾರದು. ಸಂದೇಶದಲ್ಲಿ ಕಳುಹಿಸುವಾಗಲೂ ಕೊಂಡಿಯು ಎರಡು ಸಾಲಿಗೆ ಒಡೆದುಹೋಗಬಹುದು, ಅಥವಾ ವಾಕ್ಯದ ಕೊನೆಯ ಪೂರ್ಣವಿರಾಮ ಕೊಂಡಿಗೆ ಅಂಟಿಕೊಳ್ಳಬಹುದು. ಕೊಂಡಿಯನ್ನು ಪ್ರತ್ಯೇಕ ಸಾಲಿನಲ್ಲಿ, ಮುಂದೆ ಹಿಂದೆ ಯಾವ ಚಿಹ್ನೆಯೂ ಇಲ್ಲದಂತೆ ಇರಿಸುವುದು ಸೂಕ್ತ.

ಅನುಮತಿಯ ದೋಷ

ಅವಧಿ ಮುಗಿದಿದೆ ಎಂದು ದೂರಲಾಗುವ ಕೊಂಡಿಗಳಲ್ಲಿ ಅನೇಕವು ವಾಸ್ತವವಾಗಿ ಎಂದೂ ತೆರೆದೇ ಇರದ ಕೊಂಡಿಗಳು. ಗೂಗಲ್ ಡ್ರೈವ್‌ನಲ್ಲಿ ಹೊಸದಾಗಿ ಇರಿಸಿದ ಫೈಲ್ 'ನಿರ್ಬಂಧಿತ' ಸ್ಥಿತಿಯಲ್ಲಿರುತ್ತದೆ. ಕೊಂಡಿಯನ್ನು ನಕಲು ಮಾಡಿ ಕಳುಹಿಸಿದ ಮಾತ್ರಕ್ಕೆ ಬೇರೆಯವರಿಗೆ ಅದು ತೆರೆಯುವುದಿಲ್ಲ. ಅರ್ಜಿದಾರರು ತಮ್ಮ ಮೊಬೈಲ್‌ನಲ್ಲಿ ಒತ್ತಿ ನೋಡಿದಾಗ ಸರಾಗವಾಗಿ ತೆರೆಯುತ್ತದೆ. ಏಕೆಂದರೆ ಅವರು ತಮ್ಮ ಖಾತೆಯೊಳಗೇ ಇರುತ್ತಾರೆ. 'ನನ್ನಲ್ಲಿ ಸರಿಯಾಗಿ ತೆರೆಯುತ್ತಿದೆ' ಎಂಬ ಮಾತು ಈ ಕಾರಣದಿಂದ ಪುರಾವೆಯಾಗಲಾರದು. ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೋ ಎಂಬ ವ್ಯವಸ್ಥೆಯಲ್ಲಿ, ಯಾವ ಖಾತೆಗೂ ಪ್ರವೇಶಿಸದೆ ಕೊಂಡಿಯನ್ನು ತೆರೆದು ನೋಡಬೇಕು. ಅಲ್ಲಿ ತೆರೆದರೆ ಕಚೇರಿಯಲ್ಲಿಯೂ ತೆರೆಯುತ್ತದೆ ಎಂದು ಭಾವಿಸಬಹುದು. ಒಂದು ನಿಮಿಷದ ಈ ಪರೀಕ್ಷೆಯನ್ನು ಪ್ರತಿಯೊಬ್ಬ ಅರ್ಜಿದಾರರೂ ಕಳುಹಿಸುವ ಮೊದಲೇ ಮಾಡಬೇಕೆಂದು ಕೋರಲಾಗಿದೆ. ಆದರೆ ನಿರ್ದಿಷ್ಟ ಇ-ಮೇಲ್ ವಿಳಾಸಕ್ಕೆ ಮಾತ್ರ ಅನುಮತಿ ನೀಡಿದ ಕೊಂಡಿಯು ಖಾಸಗಿ ಕಿಟಕಿಯಲ್ಲಿ ತೆರೆಯುವುದಿಲ್ಲ, ತೆರೆಯಲೂಬಾರದು. ಅಂತಹ ಸಂದರ್ಭದಲ್ಲಿ ಹಂಚಿಕೆಯ ಪಟ್ಟಿಯಲ್ಲಿ ಕಚೇರಿಯ ಸರಿಯಾದ ವಿಳಾಸವಿದೆಯೇ ಎಂಬುದನ್ನು ನೋಡಿಕೊಂಡರೆ ಸಾಕು.

ಇದರ ಮತ್ತೊಂದು ರೂಪವೆಂದರೆ ಒಂದಕ್ಕಿಂತ ಹೆಚ್ಚು ಖಾತೆಗಳ ಗೊಂದಲ. ಒಂದೇ ಮೊಬೈಲ್‌ನಲ್ಲಿ ತಂದೆಯ, ಮಗನ ಮತ್ತು ಅಂಗಡಿಯ ಖಾತೆಗಳು ಇದ್ದಾಗ, ಅನುಮತಿ ಒಂದು ಖಾತೆಗೆ ಇದ್ದು ಕೊಂಡಿಯು ಬೇರೊಂದು ಖಾತೆಯಲ್ಲಿ ತೆರೆಯಲು ಯತ್ನಿಸುತ್ತದೆ. ಪರದೆಯ ಬಲಭಾಗದ ಮೇಲ್ತುದಿಯಲ್ಲಿ ಕಾಣುವ ಖಾತೆಯ ಚಿಹ್ನೆಯನ್ನು ಒತ್ತಿ, ಅನುಮತಿ ಪಡೆದ ಖಾತೆಗೆ ಬದಲಾಯಿಸಿಕೊಳ್ಳಬೇಕು.

'ರಿಕ್ವೆಸ್ಟ್ ಆಕ್ಸೆಸ್' ಎಂಬ ಗುಂಡಿಯನ್ನು ಒತ್ತಿದಾಗ ಮಾಲೀಕರಿಗೆ ಇ-ಮೇಲ್ ಮೂಲಕ ಕೋರಿಕೆ ಹೋಗುತ್ತದೆ. ಕಚೇರಿಯಿಂದ ಇಂತಹ ಕೋರಿಕೆ ಬಂದಲ್ಲಿ, ಅದು ತಮ್ಮ ಅರ್ಜಿಯನ್ನು ಪರಿಶೀಲಿಸುವ ಕಚೇರಿಯ ವಿಳಾಸದಿಂದಲೇ ಬಂದಿದೆಯೇ ಎಂದು ಖಚಿತಪಡಿಸಿಕೊಂಡು ಕೂಡಲೇ ಅನುಮತಿಸತಕ್ಕದ್ದು. ಸೈಬರ್ ಕೇಂದ್ರದಲ್ಲಿ ಖಾತೆ ಮಾಡಿಸಿಕೊಂಡು, ಅದರ ಇ-ಮೇಲನ್ನು ಮತ್ತೆಂದೂ ತೆರೆಯದವರಿಗೆ ಈ ಕೋರಿಕೆ ತಲುಪುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ಗುಪ್ತಪದವು ಅರ್ಜಿದಾರರ ಬಳಿಯೇ ಇರುವುದು ಅವಶ್ಯ.

ಜಿಮೇಲ್ ಬಳಸುವವರಿಗೆ ಒಂದು ಸೂಚನೆ. ಜಿಮೇಲ್‌ನಲ್ಲಿ ಲಗತ್ತುಗಳ ಒಟ್ಟು ಗಾತ್ರ 25 ಎಂಬಿ ಮೀರಿದಲ್ಲಿ ಫೈಲ್ ಲಗತ್ತಾಗುವ ಬದಲು ಗೂಗಲ್ ಡ್ರೈವ್‌ಗೆ ಸೇರಿ, ಅದರ ಕೊಂಡಿ ಮಾತ್ರ ಪತ್ರದಲ್ಲಿ ಹೋಗುತ್ತದೆ. ತಾವು ದಾಖಲೆಯನ್ನೇ ಕಳುಹಿಸಿದ್ದೇವೆಂದು ನಂಬಿರುವವರು ವಾಸ್ತವದಲ್ಲಿ ಕೊಂಡಿಯನ್ನು ಕಳುಹಿಸಿರುತ್ತಾರೆ. 'ಕಳುಹಿಸಿದ' ಪತ್ರಗಳ ಕಪಾಟನ್ನು ತೆರೆದು ನೋಡಿದಲ್ಲಿ ಇದು ತಿಳಿಯುತ್ತದೆ.

ಅವಧಿಯೇ ಮುಗಿದಿದ್ದಲ್ಲಿ

ಅವಧಿಯನ್ನು ನಿಗದಿಪಡಿಸುವವರು ಮೂವರು: ಫೈಲಿನ ಮಾಲೀಕರು, ಮಾಲೀಕರ ಸಂಸ್ಥೆಯ ನಿರ್ವಾಹಕರು ಮತ್ತು ಸೇವೆ ಒದಗಿಸುವ ಕಂಪನಿ. ಒನ್‌ಡ್ರೈವ್ ಮತ್ತು ಡ್ರಾಪ್‌ಬಾಕ್ಸ್‌ಗಳಲ್ಲಿ ಕೊಂಡಿಗೆ ಕೊನೆಯ ದಿನಾಂಕ ಹಾಕುವ ಸೌಲಭ್ಯವು ಸಾಮಾನ್ಯವಾಗಿ ಶುಲ್ಕ ಪಾವತಿಸಿದ ಅಥವಾ ಸಂಸ್ಥೆಯ ಖಾತೆಗಳಿಗೆ ಇರುತ್ತದೆ. ಸಂಸ್ಥೆಯ ಖಾತೆಯಾಗಿದ್ದಲ್ಲಿ ನಿರ್ವಾಹಕರು ಎಲ್ಲ ಕೊಂಡಿಗಳಿಗೂ ಏಕರೂಪದ ಅವಧಿಯನ್ನು ನಿಗದಿಪಡಿಸಿರಬಹುದು. ಕಳುಹಿಸಿದವರಿಗೇ ಅದರ ಅರಿವು ಇರುವುದಿಲ್ಲ. ಇವೆಲ್ಲವುಗಳಲ್ಲಿ ಫೈಲ್ ಸುರಕ್ಷಿತವಾಗಿರುತ್ತದೆ. ಮಾಲೀಕರು ತಮ್ಮ ಖಾತೆಗೆ ಪ್ರವೇಶಿಸಿ ದಿನಾಂಕವನ್ನು ವಿಸ್ತರಿಸಬೇಕು ಅಥವಾ ಹೊಸ ಕೊಂಡಿಯನ್ನು ಪಡೆಯಬೇಕು.

ವಿಟ್ರಾನ್ಸ್‌ಫರ್ ಮಾದರಿಯ ಸೇವೆಗಳ ವಿಷಯವೇ ಬೇರೆ. ಅವು ಫೈಲನ್ನು ರವಾನಿಸಲು ಇರುವ ಸೇವೆಗಳು, ಕಾಪಿಡಲು ಅಲ್ಲ. ಉಚಿತ ಬಳಕೆಯಲ್ಲಿ ಕೆಲವೇ ದಿನಗಳ ನಂತರ ಕೊಂಡಿಯೊಂದಿಗೆ ಅಲ್ಲಿರುವ ಪ್ರತಿಯೂ ಅಳಿದುಹೋಗುತ್ತದೆ. ಪರಿಶೀಲನೆಗೆ ವಾರಗಟ್ಟಲೆ ಕಾಲ ಹಿಡಿಯುವ ಅರ್ಜಿಗಳಿಗೆ ಇಂತಹ ಸೇವೆಯನ್ನು ಬಳಸುವುದು ಉಚಿತವಲ್ಲ. ಮೊಜಿಲ್ಲಾ ಸಂಸ್ಥೆಯ 'ಫೈರ್‌ಫಾಕ್ಸ್ ಸೆಂಡ್' ಎಂಬ ಇದೇ ಬಗೆಯ ಸೇವೆಯು 2020ರಲ್ಲಿ ಪೂರ್ಣವಾಗಿ ನಿಂತುಹೋಯಿತು.

ಫೈಲ್ ಅಳಿಸಿದ್ದಲ್ಲಿ ಅಥವಾ ಬದಲಾಯಿಸಿದ್ದಲ್ಲಿ

ಮೊಬೈಲ್‌ನಲ್ಲಿ ಸ್ಥಳ ಸಾಲದೆಂದು ಡ್ರೈವ್‌ನಲ್ಲಿರುವುದನ್ನು ಅಳಿಸುವುದು ಒಂದು ಸಾಮಾನ್ಯ ಕಾರಣ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಫೈಲ್ 30 ದಿನಗಳವರೆಗೆ ಕಸದ ಬುಟ್ಟಿಯಲ್ಲಿರುತ್ತದೆ. 2020ರ ಅಕ್ಟೋಬರ್‌ಗೆ ಮೊದಲು ನಾವೇ ಖಾಲಿ ಮಾಡುವವರೆಗೆ ಅದು ಅಲ್ಲಿಯೇ ಇರುತ್ತಿತ್ತು. ಆ ಬಳಿಕ 30 ದಿನಗಳ ನಂತರ ತಾನಾಗಿಯೇ ಶಾಶ್ವತವಾಗಿ ಅಳಿಯುತ್ತದೆ. ಈ ಅವಧಿಯೊಳಗೆ ಮರಳಿ ಪಡೆದುಕೊಂಡಲ್ಲಿ ಹಳೆಯ ಕೊಂಡಿಯೇ ಮತ್ತೆ ತೆರೆಯುತ್ತದೆ. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಗಳಲ್ಲಿಯೂ ಬುಟ್ಟಿಯ ಅವಧಿ 30 ದಿನಗಳು. ಸಂಸ್ಥೆಯ ಖಾತೆಗಳಲ್ಲಿ ಸಾಮಾನ್ಯವಾಗಿ 93 ದಿನಗಳು.

ದಾಖಲೆಯಲ್ಲಿ ಪುಟವೊಂದು ಬಿಟ್ಟುಹೋಗಿದೆಯೆಂದು ಹಳೆಯ ಫೈಲನ್ನು ಅಳಿಸಿ, ಅದೇ ಹೆಸರಿನಿಂದ ಹೊಸದನ್ನು ಸೇರಿಸುವುದು ಮತ್ತೊಂದು ಕಾರಣ. ಹೆಸರು ಒಂದೇ ಆದರೂ ಗೂಗಲ್ ಡ್ರೈವ್‌ನ ಪಾಲಿಗೆ ಅದು ಬೇರೆ ಫೈಲ್, ಬೇರೆ ಕೊಂಡಿ. ಕಚೇರಿಗೆ ಕೊಟ್ಟ ಕೊಂಡಿ ಹಳೆಯದಕ್ಕೇ ಸೇರಿರುತ್ತದೆ. ಇದಕ್ಕಾಗಿ ಗಣಕಯಂತ್ರದಲ್ಲಿ ಡ್ರೈವ್ ತೆರೆದು, ಹಳೆಯ ಫೈಲಿನ ಮೇಲೆ 'ಮ್ಯಾನೇಜ್ ವರ್ಷನ್ಸ್' ಎಂಬ ಆಯ್ಕೆಯ ಮೂಲಕ ಹೊಸ ಪ್ರತಿಯನ್ನು ಸೇರಿಸಿದಲ್ಲಿ ಕೊಂಡಿ ಬದಲಾಗುವುದಿಲ್ಲ. ಆದರೆ ಹೀಗೆ ಬದಲಾಯಿಸಿದುದನ್ನು ಕಚೇರಿಗೆ ಲಿಖಿತವಾಗಿ ತಿಳಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಸಲ್ಲಿಸಿದ ದಾಖಲೆಯನ್ನು ಹೇಳದೆ ತಿದ್ದಿದಂತೆ ತೋರುವುದು ಯಾರಿಗೂ ಶ್ರೇಯಸ್ಕರವಲ್ಲ.

ಫೈಲನ್ನು ಒಂದು ಫೋಲ್ಡರ್‌ನಿಂದ ಮತ್ತೊಂದಕ್ಕೆ ಸರಿಸಿದರೆ ಡ್ರೈವ್‌ನಲ್ಲಿ ಕೊಂಡಿ ಬದಲಾಗದು. ಆದರೆ ಹಂಚಿಕೆಯಾದ ಫೋಲ್ಡರ್‌ನಿಂದ ಹೊರಗೆ ಸರಿಸಿದಲ್ಲಿ ಫೋಲ್ಡರ್‌ನ ಮೂಲಕ ದೊರೆತಿದ್ದ ಅನುಮತಿ ತಪ್ಪುತ್ತದೆ.

ಖಾತೆಯೇ ಇಲ್ಲವಾದಲ್ಲಿ

ವಿದ್ಯಾರ್ಥಿಗಳಿಗೆ ಸಂಬಂಧಿಸಿದಂತೆ ಇದು ಅತ್ಯಂತ ಮುಖ್ಯವಾದ ಅಂಶ. ಕಾಲೇಜು ನೀಡಿದ ಇ-ಮೇಲ್ ಖಾತೆಯ ಡ್ರೈವ್‌ನಲ್ಲಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಇರಿಸಿಕೊಂಡವರು, ವ್ಯಾಸಂಗ ಮುಗಿದ ಮೇಲೆ ಸಂಸ್ಥೆಯು ಆ ಖಾತೆಯನ್ನು ಮುಚ್ಚಿದಾಗ ದಾಖಲೆಗಳನ್ನೂ, ಅವುಗಳ ಎಲ್ಲ ಕೊಂಡಿಗಳನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಖಾತೆಯ ಒಡೆತನ ಸಂಸ್ಥೆಯದಾಗಿರುವುದರಿಂದ ಗೂಗಲ್ ಅಥವಾ ಮೈಕ್ರೋಸಾಫ್ಟ್ ಕಂಪನಿಗೆ ನೇರವಾಗಿ ಬರೆದು ಪ್ರಯೋಜನವಿಲ್ಲ. ಸಂಸ್ಥೆಯ ಗಣಕ ವಿಭಾಗವನ್ನೇ ಆದಷ್ಟು ಶೀಘ್ರವಾಗಿ ಸಂಪರ್ಕಿಸಬೇಕು. ಖಾತೆ ಮುಚ್ಚಿದ ನಂತರ ಅಲ್ಪ ಅವಧಿಯವರೆಗೆ ಮಾತ್ರ ಮರುಸ್ಥಾಪನೆ ಸಾಧ್ಯವಿರುತ್ತದೆ. ಕೊನೆಯ ಸೆಮಿಸ್ಟರ್‌ನಲ್ಲಿರುವವರು ಈಗಲೇ ತಮ್ಮ ವೈಯಕ್ತಿಕ ಖಾತೆಗೆ ಅಥವಾ ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳುವುದು ಹಿತಕರ. ನೌಕರಿಯ ಸಂಸ್ಥೆ ನೀಡಿದ ಖಾತೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ವೈಯಕ್ತಿಕ ಗೂಗಲ್ ಖಾತೆಯನ್ನು ಸತತ 2 ವರ್ಷ ಬಳಸದಿದ್ದಲ್ಲಿ ಖಾತೆಯನ್ನೂ ಅದರಲ್ಲಿರುವುದನ್ನೂ ಅಳಿಸಬಹುದೆಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಹಿರಿಯ ನಾಗರಿಕರ ಪಿಂಚಣಿ ದಾಖಲೆಗಳಿಗಾಗಿ ಮಕ್ಕಳು ತೆರೆದುಕೊಟ್ಟ ಖಾತೆಗಳು ಈ ನಿಯಮಕ್ಕೆ ಸುಲಭವಾಗಿ ಸಿಲುಕುತ್ತವೆ. ಆಗೊಮ್ಮೆ ಈಗೊಮ್ಮೆ ಪ್ರವೇಶಿಸಿ, ಒಂದು ಇ-ಮೇಲ್ ಓದಿದರೂ ಖಾತೆ ಚಾಲ್ತಿಯಲ್ಲಿರುತ್ತದೆ.

ಹಳೆಯ ಕೊಂಡಿಗಳು

2021ರ ಸೆಪ್ಟೆಂಬರ್ 13ರಂದು ಗೂಗಲ್ ಡ್ರೈವ್‌ನಲ್ಲಿ ಭದ್ರತಾ ಪರಿಷ್ಕರಣೆಯೊಂದು ಜಾರಿಗೆ ಬಂದು, ಕೆಲವು ಫೈಲ್‌ಗಳ ಕೊಂಡಿಗೆ ಹೆಚ್ಚುವರಿ ಕೀಲಿಯೊಂದು ಸೇರಿತು. ಅದಕ್ಕೂ ಹಿಂದಿನ ಕೊಂಡಿಯನ್ನು ಮೊದಲ ಬಾರಿಗೆ ತೆರೆಯುವವರಿಗೆ ಅನುಮತಿ ಕೋರುವಂತೆ ಸಂದೇಶ ಬರಬಹುದು. ಮಾಲೀಕರು ಹೊಸದಾಗಿ ಕೊಂಡಿಯನ್ನು ನಕಲು ಮಾಡಿ ಕಳುಹಿಸಿದರೆ ಸರಿಹೋಗುತ್ತದೆ. ಉದ್ದದ ವಿಳಾಸವನ್ನು ಚಿಕ್ಕದಾಗಿಸುವ ಕಿರುಕೊಂಡಿಗಳೂ ಶಾಶ್ವತವಲ್ಲ. ಗೂಗಲ್ ಕಂಪನಿಯ ಕಿರುಕೊಂಡಿ ಸೇವೆ 2019ರ ಮಾರ್ಚ್‌ನಲ್ಲಿ ಹೊಸ ಕೊಂಡಿಗಳನ್ನು ನೀಡುವುದನ್ನು ನಿಲ್ಲಿಸಿತು. ಬಳಕೆಯಲ್ಲಿಲ್ಲದ ಹಳೆಯವು 2025ರ ಆಗಸ್ಟ್‌ನಲ್ಲಿ ಸ್ಥಗಿತಗೊಂಡವು. ಅರ್ಜಿಗಳಲ್ಲಿ ಕಿರುಕೊಂಡಿಯನ್ನು ಬಳಸದಿರುವುದೇ ಲೇಸು.

ಪೋರ್ಟಲ್‌ನಿಂದ ಬರುವ ಕೊಂಡಿ

ಪ್ರಮಾಣಪತ್ರ ಸಿದ್ಧವಾಗಿದೆಯೆಂದು ಮೊಬೈಲ್ ಸಂದೇಶದಲ್ಲಿ ಬರುವ ಕೊಂಡಿಗಳು ಹಲವು ವೇಳೆ ಅಲ್ಪಾವಧಿಯವೇ ಆಗಿರುತ್ತವೆ. ಇದನ್ನು ದೋಷವೆಂದು ತಿಳಿಯಬಾರದು. ಸಂದೇಶ ಬೇರೆಯವರ ಕೈಸೇರಿದರೂ ದಾಖಲೆ ಸೋರಿಹೋಗದಿರಲಿ ಎಂಬ ಉದ್ದೇಶದಿಂದ ಕೊಂಡಿಯೊಳಗೇ ಕಾಲಮಿತಿಯನ್ನು ಸೇರಿಸುವ ತಂತ್ರಜ್ಞಾನವಿದೆ. ಉದಾಹರಣೆಗೆ, ಅಮೆಜಾನ್ ಕಂಪನಿಯ ಎಸ್3 ಸಂಗ್ರಹಣೆಯಲ್ಲಿ ಇಂತಹ ಕೊಂಡಿಯ ಗರಿಷ್ಠ ಅವಧಿ 7 ದಿನಗಳು. ಅವಧಿ ಮುಗಿದ ಕೊಂಡಿಯನ್ನು ಪದೇ ಪದೇ ಒತ್ತುವುದರಿಂದ ಫಲವಿಲ್ಲ. ಪೋರ್ಟಲ್‌ಗೆ ತಮ್ಮ ಗುರುತಿನಿಂದ ಪ್ರವೇಶಿಸಿ, ಅರ್ಜಿ ಸಂಖ್ಯೆಯ ಮೂಲಕ ದಾಖಲೆಯನ್ನು ಮತ್ತೆ ಇಳಿಸಿಕೊಳ್ಳಬೇಕು. ಇಳಿಸಿಕೊಂಡ ಫೈಲನ್ನು ಆ ಕೂಡಲೇ ಉಳಿಸಿಕೊಳ್ಳತಕ್ಕದ್ದು.

'ನಿಮ್ಮ ದಾಖಲೆಯ ಕೊಂಡಿಯ ಅವಧಿ ಮುಗಿಯುತ್ತಿದೆ, ಇಲ್ಲಿ ಒತ್ತಿ ಗುಪ್ತಪದ ನಮೂದಿಸಿ' ಎಂಬ ಸಂದೇಶಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಕೊಂಡಿಯನ್ನು ನವೀಕರಿಸಲು ಯಾವ ಕಚೇರಿಯೂ ಗುಪ್ತಪದ, ಒಟಿಪಿ ಅಥವಾ ಬ್ಯಾಂಕ್ ವಿವರವನ್ನು ಕೇಳಬೇಕಾದ ಪ್ರಮೇಯವಿಲ್ಲ. ಇಂತಹ ಸಂದೇಶಕ್ಕೆ ಓಗೊಟ್ಟು ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಕೊಂಡಿಗೆ ಬದಲಾಗಿ ದಾಖಲೆಯನ್ನೇ ತಲುಪಿಸುವುದು

ಪೋರ್ಟಲ್‌ನಲ್ಲಿ ಫೈಲನ್ನು ಸೇರಿಸಲು ಸ್ಥಳವಿರುವಾಗ, 'ದಾಖಲೆಗಳ ಕೊಂಡಿ' ಎಂಬ ಒಂದು ಸಾಲು ಬರೆದ ಕಾಗದವನ್ನು ಸ್ಕ್ಯಾನ್ ಮಾಡಿ ಸೇರಿಸುವ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೀಗೆ ಮಾಡುವವರೇ ಹೆಚ್ಚು. ಮೊಬೈಲ್ ಕ್ಯಾಮೆರಾದಿಂದ ಬಣ್ಣದ ಚಿತ್ರ ತೆಗೆಯುವ ಬದಲು ಸ್ಕ್ಯಾನ್ ಮಾಡುವ ತಂತ್ರಾಂಶದಲ್ಲಿ ಕಪ್ಪು-ಬಿಳುಪು ಆಯ್ಕೆಯನ್ನು ಬಳಸಿ ಪಿಡಿಎಫ್ ಮಾಡಿದಲ್ಲಿ ಗಾತ್ರ ಬಹಳಷ್ಟು ಇಳಿಯುತ್ತದೆ. ಮೊಹರು ಮತ್ತು ಸಹಿ ಓದುವಂತಿರಬೇಕು, ಅಷ್ಟೇ. ಆದರೂ ದೊಡ್ಡದಾದಲ್ಲಿ ಒಂದೊಂದು ದಾಖಲೆಯನ್ನು ಒಂದೊಂದು ಇ-ಮೇಲ್‌ಗೆ ಲಗತ್ತಿಸಬಹುದು.

ಸರ್ಕಾರಿ ಸಂಸ್ಥೆಗಳು ನೀಡಿದ ದಾಖಲೆಗಳಿಗೆ ಡಿಜಿಲಾಕರ್ ಅತ್ಯುತ್ತಮ ಮಾರ್ಗ. 2015ರ ಜುಲೈನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ, 2016ರ ನಿಯಮಗಳಿಗೆ 2017ರಲ್ಲಿ ಮಾಡಿದ ತಿದ್ದುಪಡಿಯಂತೆ, 'ಇಶ್ಯೂಡ್' ವಿಭಾಗದಲ್ಲಿ ದೊರೆಯುವ ದಾಖಲೆಗಳಿಗೆ ಮೂಲ ದಾಖಲೆಗೆ ಸಮನಾದ ಮಾನ್ಯತೆ ಇದೆ. ನಾವೇ ಸ್ಕ್ಯಾನ್ ಮಾಡಿ ಸೇರಿಸಿದ ಪ್ರತಿಗಳಿಗೆ ಈ ಮಾನ್ಯತೆ ಇಲ್ಲ. ಈ ವ್ಯತ್ಯಾಸವನ್ನು ಅರಿಯದೆ ಅಲೆದಾಡುವವರು ಅನೇಕರಿದ್ದಾರೆ.

ಕೊಂಡಿಯನ್ನೇ ಕಳುಹಿಸಬೇಕಾದ ಅನಿವಾರ್ಯ ಸಂದರ್ಭಗಳೂ ಇವೆ; ಕಟ್ಟಡದ ನಕ್ಷೆಗಳು, ವಿಡಿಯೋ ಚಿತ್ರೀಕರಣ ಇತ್ಯಾದಿ. ಆಗ ಕಚೇರಿಯ ಇ-ಮೇಲ್ ವಿಳಾಸಕ್ಕೆ ಮಾತ್ರ ಅನುಮತಿ ನೀಡುವುದು ಮೇಲು. ಕೊಂಡಿ ಇರುವ ಯಾರಾದರೂ ನೋಡಬಹುದು ಎಂಬ ಆಯ್ಕೆಯನ್ನು ಬಳಸಿದಲ್ಲಿ, ಆ ಕೊಂಡಿ ಯಾರ ಕೈಗೆ ಹೋದರೂ ದಾಖಲೆ ತೆರೆಯುತ್ತದೆ. ಆಧಾರ್ ಪ್ರತಿಯನ್ನು ಹೀಗೆ ತೆರೆದಿಡುವುದು ಅಪಾಯಕರ. ಕಚೇರಿ ಒಪ್ಪುವುದಾದಲ್ಲಿ ಮೊದಲ 8 ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿಯನ್ನು ಬಳಸಬಹುದು. ಹಾಗೆಂದು ಭಯದಿಂದ ವಾರದೊಳಗೆ ಕೊಂಡಿಯನ್ನು ಮುಚ್ಚಿದರೆ ಪರಿಶೀಲನೆ ನಿಲ್ಲುತ್ತದೆ. ದಾಖಲೆಯನ್ನು ಇಳಿಸಿಕೊಂಡು ಕಡತಕ್ಕೆ ಸೇರಿಸಲಾಗಿದೆ ಎಂಬ ಉತ್ತರವನ್ನು ಕಚೇರಿಯಿಂದ ಪಡೆದು ನಂತರ ಮುಚ್ಚುವುದು ಸರಿಯಾದ ಕ್ರಮ. ಕಚೇರಿಯೂ ಕೊಂಡಿಯನ್ನೇ ಕಡತದಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕೇಂದ್ರ ಸರ್ಕಾರದ ನೌಕರರಿಗೆ 2022ರ ಜೂನ್‌ನಲ್ಲಿ ಹೊರಡಿಸಿದ ಸೈಬರ್ ಭದ್ರತಾ ಮಾರ್ಗಸೂಚಿಯಲ್ಲಿ ಸರ್ಕಾರದ ಗೋಪ್ಯ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಂತಹ ಸರ್ಕಾರೇತರ ಸೇವೆಗಳಲ್ಲಿ ಇರಿಸಬಾರದೆಂದು ಸೂಚಿಸಲಾಗಿದೆ.

ಕಚೇರಿಗೆ ಬರೆಯುವ ಪತ್ರದ ಮಾದರಿ

ಕೊಂಡಿ ತೆರೆಯುತ್ತಿಲ್ಲವೆಂಬ ಸೂಚನೆ ಬಂದಾಗ ಹೊಸ ಅರ್ಜಿಯನ್ನು ಸಲ್ಲಿಸಬಾರದು. ಹಾಗೆ ಮಾಡಿದಲ್ಲಿ ಮೊದಲ ಅರ್ಜಿಯ ದಿನಾಂಕ ಮತ್ತು ಜ್ಯೇಷ್ಠತೆ ಕೈಬಿಟ್ಟುಹೋಗಬಹುದು. ಸೂಚನೆ ಬಂದ ಇ-ಮೇಲ್‌ಗೇ ಉತ್ತರಿಸಿ, ಈ ಕೆಳಕಂಡಂತೆ ಬರೆಯಬಹುದು:

'ಮಾನ್ಯರೇ, ವಿಷಯ: ಅರ್ಜಿ ಸಂಖ್ಯೆ …………, ದಿನಾಂಕ …………ರ ಅರ್ಜಿಗೆ ದಾಖಲೆಗಳ ಮರುಸಲ್ಲಿಕೆ. ಸದರಿ ಅರ್ಜಿಯೊಂದಿಗೆ ದಿನಾಂಕ …………ರಂದು ಕಳುಹಿಸಿದ್ದ ಕೊಂಡಿಯು ತೆರೆಯುತ್ತಿಲ್ಲವೆಂದು ತಮ್ಮ ಕಚೇರಿಯಿಂದ ತಿಳಿಸಲಾಗಿರುತ್ತದೆ. ಅದೇ ದಾಖಲೆಗಳನ್ನು ಯಾವುದೇ ಬದಲಾವಣೆಯಿಲ್ಲದೆ ಈ ಪತ್ರಕ್ಕೆ ಲಗತ್ತಿಸಿದ್ದು, ಒಟ್ಟು …… ಫೈಲ್‌ಗಳು, …… ಪುಟಗಳಿರುತ್ತವೆ. ಇವುಗಳನ್ನು ಮೂಲ ಅರ್ಜಿಯ ಕಡತಕ್ಕೆ ಸೇರಿಸಿ, ಸ್ವೀಕೃತಿಯನ್ನು ತಿಳಿಸಬೇಕೆಂದು ಕೋರುತ್ತೇನೆ.'

ಕರ್ನಾಟಕದ ಸಕಾಲ ಸೇವೆಗಳಾಗಿದ್ದಲ್ಲಿ ಸ್ವೀಕೃತಿಯಲ್ಲಿರುವ 15 ಅಂಕಿಗಳ ಸಂಖ್ಯೆಯನ್ನು ವಿಷಯದ ಸಾಲಿನಲ್ಲಿಯೇ ನಮೂದಿಸಬೇಕು. ಮೊದಲ ಇ-ಮೇಲನ್ನು ಅಳಿಸದೆ ಉಳಿಸಿಕೊಂಡಿರಬೇಕು. ದಾಖಲೆಯನ್ನು ಕೊನೆಯ ದಿನಾಂಕದೊಳಗೆ ಕಳುಹಿಸಲಾಗಿತ್ತು ಎಂಬುದಕ್ಕೆ ಅದರಲ್ಲಿರುವ ದಿನಾಂಕ ಮತ್ತು ಸಮಯವೇ ಅರ್ಜಿದಾರರ ಬಳಿ ಇರುವ ಆಧಾರ. ಮರುಸಲ್ಲಿಸಿದ ನಂತರ 3 ಕೆಲಸದ ದಿನಗಳೊಳಗೆ ಸ್ವೀಕೃತಿ ಬಾರದಿದ್ದಲ್ಲಿ ಎರಡೂ ಪತ್ರಗಳ ಮುದ್ರಿತ ಪ್ರತಿ ಹಾಗೂ ದಾಖಲೆಗಳ ನೆರಳಚ್ಚು ಪ್ರತಿಗಳೊಂದಿಗೆ ಸಂಬಂಧಪಟ್ಟ ಶಾಖೆಗೆ ಖುದ್ದಾಗಿ ಬಂದು, ಸ್ವೀಕೃತಿ ಮೊಹರನ್ನು ಪಡೆದುಕೊಳ್ಳತಕ್ಕದ್ದು.